ಭಾವನ ಗೋಡೆಯ ಮೇಲೆ ನಾಗಮ್ಮನ ಬಾವಿ

ನಿಮ್ಮ ಅಜ್ಜನ ಚಿತ್ರವನ್ನು ಯಾರಾದರೂ ಊರಿಗೆಲ್ಲ ಕಾಣುವಂತೆ ಗೋಡೆಯ ಮೇಲೆ ಬರೆದರೆ ನೀವೇನು ಮಾಡುತ್ತೀರಿ? ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುತ್ತೀರಿ. ನೆಂಟರಿಗೆಲ್ಲ ಕಳಿಸುತ್ತೀರಿ.

ನಮ್ಮ ಭಾವ ಸುಣ್ಣ ಹೊಡೆಯುವವನನ್ನು ಕರೆಸಿದರು.

ಭಾನುವಾರ ಬೆಳಿಗ್ಗೆ. ಹುಮನಾಬಾದಿನ ಮನೆಯಲ್ಲಿ ನಾನಿನ್ನೂ ಚಹಾ ಕುಡಿಯುತ್ತಿದ್ದೆ. ಬಸವಕಲ್ಯಾಣದಿಂದ ಭಾವನ ಫೋನ್. (ಭಾವ ಅಂದರೆ ನಮ್ಮವರ ಅಣ್ಣ. ಹಬ್ಬ ಬಿಟ್ಟರೆ ನನಗೆ ಫೋನ್ ಮಾಡುವ ಮನುಷ್ಯರಲ್ಲ.)

“ಲಗೂನ ಹೊಂಟು ಬಾ. ನಿನ್ನ ಗೆಳತಿ ನಮ್ಮ ಗ್ವಾಡಿ ಮ್ಯಾಲೇ ನಮ್ಮ ಇಜ್ಜತ್ ತೆಗಿಯಾಕತ್ತಾಳ!”

ಫೋನ್ ಕಟ್. ನಾನು ಬಸ್‌ಸ್ಟ್ಯಾಂಡಿಗೆ ಓಡಿದೆ.

ಗೆಳತಿ ಎಂದರೆ ಸುನಂದಾ. ಹುಮನಾಬಾದಿನಲ್ಲಿ ನಾನು ಪಾಠ ಹೇಳುವ ಶಾಲೆಯಲ್ಲೇ ಡ್ರಾಯಿಂಗ್ ಟೀಚರ್. ಹುಟ್ಟಿ ಬೆಳೆದದ್ದು ಬಸವಕಲ್ಯಾಣದಲ್ಲಿ, ನನ್ನ ಗಂಡನ ಮನೆಯ ಹಿಂದಿನ ಓಣಿಯಲ್ಲಿ. ಗೋಡೆಗೆ ಬಣ್ಣ ಹಚ್ಚುವುದರಲ್ಲಿ ಅವಳದು ಪಳಗಿದ ಕೈ. ಯಾವ ಕಾಂಪೌಂಡ್ ಕಟ್ಟಿದರೂ ಮೊದಲು ಅವಳಿಗೇ ಕರೆ. ಎಲ್ಲರದೂ ಒಂದೇ ಬೇಡಿಕೆ: ಜೋಗ ಜಲಪಾತ, ಯಕ್ಷಗಾನದ ವೇಷ, ಮೈಸೂರಿನ ಅರಮನೆ. ಒಂದು ದಿನ ಅವಳಿಗೆ ರೇಗಿಹೋಯಿತು.

“ಮೇಡಮ್, ಜೋಗ ನಾನೇ ನೋಡಿಲ್ಲ. ಬರಿಸೋರೂ ನೋಡಿಲ್ಲ. ನಮ್ಮ ಗ್ವಾಡಿ ಮ್ಯಾಲ ನಾವು ಯಾಕ ಇಲ್ಲರಿ?”

ಪ್ರಶ್ನೆ ಸರಿಯಾಗಿಯೇ ಇತ್ತಲ್ಲ? ತನ್ನ ಊರಿನ ಓಣಿಯಲ್ಲಿ ಆ ಓಣಿಯದೇ ಕಥೆ ಬರೆಯಬೇಕೆಂದು ಅವಳು ಹಟ ಹಿಡಿದಳು. ಉದ್ದನೆಯ ಗೋಡೆ ಬೇಕಿತ್ತು. ಓಣಿಯಲ್ಲಿ ಅಷ್ಟು ಉದ್ದದ ಗೋಡೆ ಇರುವುದು ನಮ್ಮ ಮನೆಗೊಂದೇ. ನಾನೇ ಭಾವನನ್ನು ಕೇಳಿದೆ. ಅವರು ಖುಷಿಯಿಂದಲೇ ಒಪ್ಪಿದರು. “ಶರಣರ ಊರು. ಚೊಲೋ ಚಿತ್ರ ಬರೀಲಿ,” ಅಂದರು. ನೆರಳಿಗೆ ಹಳೆಯ ತಾಡಪಾಲು ಕಟ್ಟಿಸಿಕೊಟ್ಟರು. ಭಾವನ ಹೆಂಡತಿ, ನನ್ನ ನೆಗೆಣ್ಣಿ, ದಿನಾ ಚಹಾ ಕಳಿಸುತ್ತಿದ್ದಳು.

ಸುನಂದಾ ಓಣಿಯ ಮುದುಕರನ್ನೆಲ್ಲ ಮಾತಾಡಿಸಿದ್ದಳು. ಯಾರೋ ಮೊದಲ ಬಸ್ಸು ಬಂದ ದಿನ ಹೇಳಿದರು. ಇನ್ಯಾರೋ ಮೊಹರಮ್ಮಿನ ಹುಲಿವೇಷ. ನಾರಾಯಣಪುರದ ಗುಡಿಗೆ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದ ಸೋಮವಾರಗಳು. ಎಲ್ಲವೂ ಒಂದೊಂದಾಗಿ ಗೋಡೆಗೆ ಬಂದವು. ಎಲ್ಲರಿಗೂ ಖುಷಿ.

ಕೊನೆಗೆ ಅವಳು ತನ್ನ ಆಯಿಯನ್ನು ಕೇಳಿದಳು. (ಅಜ್ಜಿಗೆ ನಮ್ಮ ಕಡೆ ಆಯಿ ಅನ್ನುತ್ತಾರೆ.) ಆಯಿಯ ಹೆಸರು ನಾಗಮ್ಮ. ನಾಗಮ್ಮ ಹೇಳಿದ್ದು ಬಾವಿಯ ಕಥೆ.

ನಾನು ಹೋಗಿ ಮುಟ್ಟುವಷ್ಟರಲ್ಲಿ ಗೋಡೆಯ ಮುಂದೆ ಅರ್ಧ ಓಣಿ ಸೇರಿತ್ತು. ಸುಣ್ಣದ ಬಕೆಟ್ಟು ಹಿಡಿದವನು ಯಾರ ಮಾತು ಕೇಳಬೇಕೆಂದು ತಿಳಿಯದೆ ನಿಂತಿದ್ದ. ಸುನಂದಾ ಸ್ಟೂಲಿನ ಮೇಲೆ ನಿಂತು ಚಿತ್ರ ಬರೆಯುತ್ತಲೇ ಇದ್ದಳು. ಎದುರಿಗೆ, ಜಾಲರಿ ಮುಚ್ಚಿದ ಹಳೆಯ ಬಾವಿಯ ಕಟ್ಟೆಯ ಮೇಲೆ ನಾಗಮ್ಮ.

ಚಿತ್ರ ನೋಡಿದೆ. ಅದೇ ಬಾವಿ. ಗೋಡೆಯ ನಡುವೆ ಮಳೆನೀರಿನ ಪೈಪ್ ಇಳಿದಿದೆ. ಅದನ್ನೇ ರಾಟೆಯ ಕಂಬ ಮಾಡಿಬಿಟ್ಟಿದ್ದಳು ಸುನಂದಾ. ಪೈಪಿನ ಬಲಕ್ಕೆ ಹರೆಯದ ಹೆಣ್ಣುಮಗಳೊಬ್ಬಳು ಎರಡೂ ಕೈಯಲ್ಲಿ ಹಗ್ಗ ಹಿಡಿದು ಎಳೆಯುತ್ತಿದ್ದಾಳೆ. ಎಡಕ್ಕೆ ತಲೆಗೆ ಪಟಗಾ ಸುತ್ತಿದ ಎತ್ತರದ ಗಂಡಸು. ಅವನ ಕಾಲ ಬಳಿ ಒಡೆದ ಕೊಡ, ಹರಿದ ನೀರು. ಅವನ ಬೆನ್ನಷ್ಟೇ ಕಾಣುತ್ತದೆ.

“ಮುಖ ಬರದೇ ಇಲ್ಲಲ್ರಿ ಭಾವಾರ,” ಅಂದೆ.

“ಮಾರಿ ಯಾಕ ಬೇಕು? ಆ ಪಟಗಾ ಓಣಿಗೆಲ್ಲಾ ಮಾಲೂಮ್ ಅದ. ಅಜ್ಜ ಅಂವ. ನಮ್ಮ ಅಜ್ಜ!”

ನಾಗಮ್ಮನ ಬಳಿ ಹೋಗಿ ಕೂತೆ. ಏನಾಗಿತ್ತು ಎಂದು ಕೇಳಿದೆ. ಆಕೆ ದನಿ ಏರಿಸಲೂ ಇಲ್ಲ, ಇಳಿಸಲೂ ಇಲ್ಲ.

“ಲಗ್ನಾಗಿ ಬಂದ ಹೊಸದ್ರಾಗವ್ವ. ಬ್ಯಾಸಗಿ. ಕಟ್ಟಿ ಈಚಿಗಿ ಕೊಡ ಇಟಗೊಂಡು ನಿಂತಿದ್ದೆ. ಮುಟ್ಟೋಹಂಗ ಇರಲಿಲ್ಲ, ಅವರೇ ಹಾಕಬೇಕು. ಬಿಸಲು ನೆತ್ತಿಗಿ ಬಂತು. ಅವತ್ತ ಒಬ್ಬರೂ ಹಾಕಲಿಲ್ಲ. ಸಿಟ್ಟಿಂದಲ್ಲವ್ವ, ನಾ ನಿಂತಿದ್ದು ಅವರಿಗಿ ನೆನಪೇ ಇಲ್ಲ. ಮನ್ಯಾಗ ಅತ್ತಿಗಿ ಜ್ವರ ಕಾಯಾಕತ್ತಿತ್ತು. ನಾನೇ ಹೋಗಿ ಹಗ್ಗ ಹಿಡದೆ.”

“ಆಮ್ಯಾಲ?”

“ದೊಡ್ಡ ಸಾವ್ಕಾರ್ರು ಬಂದು ಕೊಡ ಒದ್ದರು. ಒಡೀತು. ಮರದಿನ ಮತ್ತೊಂದು ಒಯ್ದೆ. ಅದೂ ಒಡೀತು. ಆಮ್ಯಾಲ ನಮ್ಮ ಓಣಿ ಹೆಣಮಕ್ಕಳೆಲ್ಲಾ ಕೊಡ ಹೊತಗೊಂಡು ಬಂದರು. ಎಷ್ಟ ಒಡೀತಾರ?”

ನಾನು ಆ ಮನೆಗೆ ಸೊಸೆಯಾಗಿ ಬಂದು ಎಷ್ಟೋ ವರ್ಷವಾಯಿತು. ಅಜ್ಜನ ದಾನ ಕೇಳಿದ್ದೇನೆ, ಧೈರ್ಯ ಕೇಳಿದ್ದೇನೆ, ಕುದುರೆ ಕೂಡ ಕೇಳಿದ್ದೇನೆ. ಈ ಕೊಡದ ವಿಷಯ ಯಾರೂ ಹೇಳಿರಲಿಲ್ಲ. ಬಾವಿ ಓಣಿಯದಂತೆ. ಹಗ್ಗ ಮಾತ್ರ ನಮ್ಮ ಮನೆಯದು!

ಭಾವ ಕೆಟ್ಟ ಮನುಷ್ಯ ಅಂದುಕೊಳ್ಳಬೇಡಿ. ಯಾರ ಮನೆಯ ಕಷ್ಟಕ್ಕೂ ಮೊದಲು ಹೋಗಿ ನಿಲ್ಲುವವರು ಅವರು. ಅವತ್ತು ಅವರ ಕಣ್ಣಲ್ಲಿ ನೀರಿತ್ತು.

“ನನಗ ಹೆಗಲ ಮ್ಯಾಲ ಕೂಡಿಸ್ಕೊಂಡು ಪ್ಯಾಟಿಗಿ ಒಯ್ತಿದ್ದ ಅಂವ. ಪೇಢೆ ಕೊಡಸ್ತಿದ್ದ. ಅದನ್ನ ಬರೀಬಾರದಾ? ಮುಂದ ನಮ್ಮ ಹುಡುಗಿ ನೋಡಾಕ ಬೀಗರು ಬರ್ತಾರ. ಬಾಗಲ್ದಾಗೇ ಇದು ಕಂಡರ ಏನ್ ತಿಳಕೋತಾರ? ಶರಣರ ಚಿತ್ರ ಬರಿ ಅಂದ್ರ ಇದನ್ಯಾಕ ಬರದಾಳ?”

ಇಲ್ಲೇ ನೋಡಿ ಇರುವುದು ವಿಷಯ. ಹನ್ನೆರಡನೇ ಶತಮಾನದ ಸಮಾನತೆಗೆ ನಮ್ಮದು ಯಾವ ತಕರಾರೂ ಇಲ್ಲ. ಭಾಷಣ ಮಾಡುತ್ತೇವೆ, ಮೆರವಣಿಗೆ ತೆಗೆಯುತ್ತೇವೆ, ಹೊರಗಿನಿಂದ ನೆಂಟರು ಬಂದರೆ ಊರೆಲ್ಲ ಸುತ್ತಾಡಿಸಿ ಎದೆ ಉಬ್ಬಿಸುತ್ತೇವೆ. ಅಷ್ಟು ಹಳೆಯ ಇತಿಹಾಸ ಯಾರನ್ನೂ ಪ್ರಶ್ನೆ ಕೇಳುವುದಿಲ್ಲ. ಮೊನ್ನೆ ಮೊನ್ನೆಯದಾದರೆ? ಅದು ಎದುರಿನ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ನಮ್ಮನ್ನೇ ನೋಡುತ್ತ ಕೂತಿರುತ್ತದೆ.

“ಹಚ್ಚೋ ಸುಣ್ಣ,” ಅಂದರು ಭಾವ.

ಬಕೆಟ್ಟಿನವನು ಒಂದು ಹೆಜ್ಜೆ ಮುಂದೆ ಬಂದ. ಸುನಂದಾ ಸ್ಟೂಲಿನಿಂದ ಇಳಿಯಲಿಲ್ಲ. ನನಗೆ ಅದೇನಾಯಿತೋ.

“ಭಾವಾರ, ಅರ್ಧ ಗ್ವಾಡಿ ನಮ್ಮದದ.”

ಸುಣ್ಣದವನು ಬಕೆಟ್ಟನ್ನು ಕೆಳಗಿಟ್ಟ.

ನಿಮಗೆ ಗೊತ್ತಿರಲಿ, ನಮ್ಮದು ಇನ್ನೂ ಪಾಲಾಗದ ಮನೆ. ಆ ಪೈಪಿನಿಂದ ಬಲಮೂಲೆಯವರೆಗೆ ಚಿಕ್ಕ ಮಗನಿಗೆ ಎಂದು ನಮ್ಮ ಮಾವ ಬಾಯಿಮಾತಲ್ಲಿ ಹೇಳಿ ಹೋಗಿದ್ದರು, ಅಷ್ಟೆ. ಅದನ್ನು ಈವರೆಗೆ ಯಾರೂ ಎತ್ತಿದವರಲ್ಲ. ಸೊಸೆಯೊಬ್ಬಳು ನಾಲ್ಕು ಜನರ ಮುಂದೆ ‘ನಮ್ಮದು’ ಅಂದರೆ ಅದರ ಅರ್ಥವೇನು? ನೆಗೆಣ್ಣಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು. ಆದರೂ ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ.

ಭಾವ ಅಲ್ಲೇ ನಮ್ಮವರಿಗೆ ಫೋನ್ ಹಚ್ಚಿದರು. ನಮ್ಮವರು ಹುಮನಾಬಾದಿನ ಧಾನ್ಯದ ಪೇಟೆಯಲ್ಲಿ ತೊಗರಿಯ ಅಂಗಡಿ ಇಟ್ಟವರು. ಅಣ್ಣನ ಎದುರು ಈವರೆಗೆ ಕುರ್ಚಿಯ ಮೇಲೆ ಕೂತವರಲ್ಲ.

“ನಿನ್ನ ಹೆಂಡ್ತಿ ಪಾಲು ಕೇಳಾಕತ್ತಾಳ, ಕೇಳು,” ಅಂದರು ಭಾವ. ಫೋನ್ ಸ್ಪೀಕರ್‌ನಲ್ಲಿತ್ತು.

ಗೋಡೆಯ ಜಗಳದ ವಿಷಯ ನಾನು ಬಸ್ಸಿನಿಂದಲೇ ಅವರಿಗೆ ಹೇಳಿದ್ದೆ. ಅವರ ದನಿ ಬಂತು.

“ಪಾಲಲ್ಲಣ್ಣ, ಗ್ವಾಡಿ ಕೇಳಾಕತ್ತಾಳ. ಆಕಿ ಕೇಳಿದ್ದು ಬರೋಬ್ಬರಿ ಅದ. ಬಿಡು.”

ಭಾವ ಫೋನ್ ಜೇಬಿಗಿಟ್ಟರು. “ಹಂಗಿದ್ರ ನನ್ನ ಅರ್ಧಕ್ಕ ಹಚ್ಚು,” ಎಂದು ಸುಣ್ಣದವನಿಗೆ ಹೇಳಿ ಒಳಗೆ ಹೋದರು.

ಪೈಪಿನ ಎಡಭಾಗ ನಮ್ಮ ಕಣ್ಣೆದುರೇ ಬೆಳ್ಳಗಾಯಿತು. ಬಸ್ಸು ಹೋಯಿತು, ಹುಲಿವೇಷ ಹೋಯಿತು, ಪಟಗಾ, ಒಡೆದ ಕೊಡ ಎಲ್ಲ ಹೋದವು. ಬಲಕ್ಕೆ ನಾಗಮ್ಮ ಉಳಿದಳು, ಹಗ್ಗ ಹಿಡಿದು. ನನಗೆ ಅಳು ಬಂತು. ಸುನಂದಾಳನ್ನು ಸಮಾಧಾನ ಮಾಡೋಣವೆಂದು ಹತ್ತಿರ ಹೋದರೆ ಅವಳು ಬ್ರಶ್ ಅದ್ದುತ್ತಿದ್ದಳು.

“ಅಳಾಕ ಟೈಮಿಲ್ರಿ ಮೇಡಮ್. ಕಲಿಸಿದ ಬಣ್ಣ ಒಣಗ್ತದ. ನೀವು ಜರಾ ಆ ಸ್ಟೂಲ್ ಹಿಡೀರಿ.”

ಹಿಡಿದೆ.

ಆಮೇಲಿನ ವಾರಗಳಲ್ಲಿ ಆದದ್ದನ್ನು ನೆಗೆಣ್ಣಿ ಫೋನಿನಲ್ಲಿ ಹೇಳುತ್ತಿದ್ದಳು. ಚಿತ್ರವಿದ್ದ ಅರ್ಧವನ್ನು ಜನ ನೋಡಿ ಮುಂದೆ ಹೋಗುತ್ತಿದ್ದರಂತೆ. ಬಿಳಿಯ ಅರ್ಧದ ಮುಂದೆ ಮಾತ್ರ ನಿಲ್ಲುತ್ತಿದ್ದರು. “ಇಲ್ಲೇನಿತ್ರಿ?” ಎಲ್ಲರದೂ ಅದೇ ಪ್ರಶ್ನೆ. ನಾಗಮ್ಮ ದಿನಾ ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದಳು. ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಬೈಗುಳವಿಲ್ಲ, ಶಾಪವಿಲ್ಲ. ಇತ್ತು, ಹೀಗಿತ್ತು, ಅಷ್ಟೆ. ಕಿಟಕಿಯ ಒಳಗೆ ಭಾವ ಪೇಪರ್ ಓದುತ್ತ ಅದನ್ನೆಲ್ಲ ಕೇಳಿಸಿಕೊಳ್ಳಬೇಕಿತ್ತು. ಎಷ್ಟು ದಿನ ಕೇಳಿಸಿಕೊಳ್ಳುತ್ತೀರಿ?

ಸುನಂದಾ ಪ್ರತಿ ಭಾನುವಾರ ಹೋಗಿ ತನ್ನ ಅರ್ಧದಲ್ಲಿ ಒಂದೊಂದೇ ಹೆಣ್ಣುಮಗಳನ್ನು ಬರೆಯುತ್ತಿದ್ದಳು. ನಾಗಮ್ಮನ ಹಿಂದೆ ಕೊಡ ಹೊತ್ತು ನಿಂತವರ ಸಾಲು. ಬೇಡ ಅನ್ನಲು ಅದು ಭಾವನ ಗೋಡೆಯಲ್ಲ.

ಹೋದ ತಿಂಗಳು ಒಂದು ಭಾನುವಾರ ನಾನೂ ಜೊತೆಗಿದ್ದೆ. ಭಾವ ಹೊರಗೆ ಬಂದರು. ಯಾರ ಮುಖವನ್ನೂ ನೋಡದೆ ಸುನಂದಾಳಿಗೆ ಹೇಳಿದರು.

“ಬರೀತೀ ಅಂದ್ರ ಪೂರಾ ಬರಿ. ನಮ್ಮ ಆಯಿ ದಿನಾ ನಿಮ್ಮೋರಿಗೆಲ್ಲಾ ನೀರ ಹಾಕ್ತಿದ್ಲು. ಅದನ್ನ ಯಾಕ ಬರದಿಲ್ಲ?”

ಸುನಂದಾ ತಿರುಗಿ ನಾಗಮ್ಮನನ್ನು ನೋಡಿದಳು.

“ಹೌದ್ರಿ ಸಾವ್ಕಾರ್ರ, ಹಾಕ್ತಿದ್ರು,” ಅಂದಳು ನಾಗಮ್ಮ. “ಪುಣ್ಯಾತ್ಮಳು. ಮ್ಯಾಲಿಂದ ಹಾಕ್ತಿದ್ರು.”

“ಮ್ಯಾಲಿಂದ ಅಂದ್ರ?”

ಆಕೆ ಕಟ್ಟೆಯಿಂದ ಇಳಿದಳು. ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಕುಕ್ಕರಗಾಲಲ್ಲಿ ಕೂತಳು. ಇಲ್ಲದ ಕೊಡವೊಂದನ್ನು ಎರಡೂ ಕೈಯಿಂದ ಹಿಡಿದು ಮುಖ ಮೇಲೆತ್ತಿದಳು. ಭಾವ ಅವಳ ಮುಂದೆಯೇ ನಿಂತಿದ್ದರು. ತಮ್ಮ ಕೈಯನ್ನು ಸೊಂಟದ ಮಟ್ಟಕ್ಕೆ ತಂದು, “ಇಷ್ಟು ಎತ್ತರದಿಂದ?” ಎಂದರು.

“ಇನ್ನೂ ಜರಾ ಮ್ಯಾಲಿಂದ್ರಿ. ಕೊಡಕ್ಕ ಕೊಡ ತಾಕಬಾರದಲ್ರಿ. ಅರ್ಧ ನೀರು ನಮ್ಮ ಮೈಮ್ಯಾಲೇ.”

ಭಾವನ ಕೈ ಎದೆಯ ಮಟ್ಟಕ್ಕೆ ಬಂತು. ಅಲ್ಲಿಯೇ ನಿಂತಿತು. ಕೆಳಗೆ ಎಪ್ಪತ್ತು ದಾಟಿದ ಮುದುಕಿಯೊಬ್ಬಳು ಮುಖವೆತ್ತಿ ಅವರನ್ನೇ ನೋಡುತ್ತಿದ್ದಳು. ಅವರು ಗಬಕ್ಕನೆ ಕೈ ಇಳಿಸಿ, ಬಗ್ಗಿ, ಆಕೆಯ ತೋಳು ಹಿಡಿದು ಎಬ್ಬಿಸಿದರು.

“ಹಂಗಿದ್ರ ಹಂಗೇ ಬರಿ,” ಅಂದರು ಸುನಂದಾಳಿಗೆ.

“ಅಜ್ಜಾರನ್ನ?”

ಭಾವ ಬಿಳಿಯ ಗೋಡೆಗೆ ಒರಗಿಸಿ ನಿಲ್ಲಿಸಿದ್ದ ತಮ್ಮ ಬೈಕನ್ನು ತಳ್ಳಿಕೊಂಡು ಹೋಗಿ ದೂರ ನಿಲ್ಲಿಸಿದರು. ಸುನಂದಾ ಸ್ಟೂಲನ್ನು ಎಡಕ್ಕೆ ಎಳೆದಳು.

ಈಗ ಗೋಡೆಯ ಮೇಲೆ ಅಜ್ಜನಿದ್ದಾನೆ, ಬೆನ್ನು ಹಾಕಿ. ಅಜ್ಜಿ ಇದ್ದಾಳೆ, ಎತ್ತರದಿಂದ ನೀರು ಸುರಿಯುತ್ತ. ಪೇಢೆ ತಿನ್ನುತ್ತ ಹೆಗಲ ಮೇಲೆ ಕೂತ ಪೋರನೂ ಒಂದು ಮೂಲೆಯಲ್ಲಿದ್ದಾನೆ. (ಅದು ಭಾವ ಕೇಳಿದ್ದಲ್ಲ, ಸುನಂದಾ ತಾನಾಗಿ ಬರೆದದ್ದು.) ಬೀಗರೂ ಬಂದು ಹೋದರು. ಚಿತ್ರ ಏನೆಂದು ಕೇಳಿದರಂತೆ. ನೆಗೆಣ್ಣಿಯೇ ಹೇಳಿದಳಂತೆ, ಒಂದಕ್ಷರ ಬಿಡದೆ. ಚಹಾ ಕುಡಿದು ಹೋಗಿದ್ದಾರೆ. ಹುಡುಗಿ ಒಪ್ಪಿಗೆಯೋ ಇಲ್ಲವೋ, ಇನ್ನೂ ತಿಳಿಸಿಲ್ಲ.

ಇದರಿಂದ ಓಣಿಯಲ್ಲಿ ಎಲ್ಲ ಸರಿಹೋಯಿತೆಂದು ಹೇಳುವಷ್ಟು ಹುಚ್ಚಿ ನಾನಲ್ಲ. ಗೋಡೆ ನೋಡಿ ಮುಖ ತಿರುಗಿಸುವವರಿದ್ದಾರೆ. ನಮ್ಮನ್ನು ಮಾತಾಡಿಸುವುದನ್ನು ಬಿಟ್ಟ ನೆಂಟರಿದ್ದಾರೆ. ಇರಲಿ. ಬಣ್ಣ ಮಾಸಿದರೆ ಮತ್ತೆ ಹಚ್ಚುವುದೆಂದು ನಾವು ಮೂರು ಜನ ಹೆಂಗಸರು ಮಾತಾಡಿಕೊಂಡಿದ್ದೇವೆ. ಮೂರನೆಯವಳು ನನ್ನ ನೆಗೆಣ್ಣಿ.

ಅಂದ ಹಾಗೆ, ನಿಮ್ಮೂರಿನ ಇತಿಹಾಸ ಯಾವ ಇಸವಿಗೆ ಬಂದು ನಿಂತುಬಿಟ್ಟಿದೆ?