ಎತ್ತಬೇಡಿ ಅಂದವಳು

ಆ ವಸತಿಗೃಹದಲ್ಲಿ ಎಲ್ಲರೂ ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದರು. ತಮ್ಮಷ್ಟಕ್ಕೆ ತಾವು ಓಡಾಡಲಾಗದ ಹದಿನೆಂಟು ಮಂದಿ ಅಂಗವಿಕಲರು ಅಲ್ಲಿದ್ದರು. ಅವರಿಗೆ ಸ್ನಾನ ಮಾಡಿಸುವುದು, ಉಣ್ಣಿಸುವುದು ಅವಳ ಕೆಲಸ. ಆದರೆ ಅವಳು ಬಂದದ್ದು ಸಂಬಳಕ್ಕಲ್ಲ, ಸೇಡಿಗೆ.

ಹಿಂದೆ ಇಲ್ಲೇ ಇದ್ದ ಅವಳ ತಮ್ಮ ಇದೇ ಮನೆಯ ಬಚ್ಚಲಲ್ಲಿ ಜಾರಿ ಬಿದ್ದಿದ್ದ. ಅವನಿಗೆ ಮಾತು ಬರುತ್ತಿರಲಿಲ್ಲ. ಓಡಿ ಬಂದ ವಾರ್ಡನ್ ಕಂಕುಳಿಗೆ ಕೈಹಾಕಿ ಎಳೆದು ನಿಲ್ಲಿಸಿ, "ಏನೂ ಆಗಿಲ್ಲ, ಬರೀ ನಾಟಕ" ಅಂದ. ಮೂರು ದಿನ ಹುಡುಗ ಹಾಸಿಗೆಯಲ್ಲೇ ನರಳಿದ. ನಾಲ್ಕನೇ ದಿನ ಅಕ್ಕ ನೋಡಲು ಬಂದು ಆಸ್ಪತ್ರೆಗೆ ಹೊತ್ತೊಯ್ದಾಗ ಸೊಂಟದ ಮೂಳೆ ಮುರಿದು ಸರಿದಿತ್ತು. ಆರು ತಿಂಗಳಿಗೆ ತೀರಿಕೊಂಡ. ಅವನು ಬಿದ್ದ ಸಂಗತಿ ಯಾವ ಕಾಗದದಲ್ಲೂ ಇರಲಿಲ್ಲ. ಕಣ್ಣಾರೆ ಕಂಡಿದ್ದ ಅಡುಗೆಯವಳು ಎಲ್ಲವನ್ನೂ ಅಕ್ಕನ ಕಿವಿಯಲ್ಲಿ ಹೇಳಿದಳು, ಬರೆದುಕೊಡಲು ಹೆದರಿದಳು.

ಅಕ್ಕ ಕೆಲಸಕ್ಕೆ ಸೇರಿದಾಗ ವಾರ್ಡನ್‌ಗೆ ಅವಳ ಗುರುತೇ ಹತ್ತಲಿಲ್ಲ. ಅದಕ್ಕೇ ಅವಳ ಸಿಟ್ಟು ಇನ್ನಷ್ಟು ಹೆಚ್ಚಿತು. ಬಿದ್ದವರನ್ನು ನೋಡಿಕೊಳ್ಳುವ ತರಬೇತಿಗೆ ಹೋಗಿ, ಅವನು ಮಾಡಿದ ತಪ್ಪು ಏನೇನೆಂದು ಒಂದೊಂದಾಗಿ ಕಲಿತಳು. ಸಾಕ್ಷಿಗಳೆದುರು ಅವನು ಇನ್ನೊಮ್ಮೆ ಹಾಗೆ ಮಾಡಲಿ ಅಂತ ಎರಡು ವರ್ಷ ಹಲ್ಲುಕಚ್ಚಿ ಕಾದಳು.

ತಪಾಸಣೆಗೆ ಅಧಿಕಾರಿಣಿ ಬಂದಿದ್ದ ದಿನ, ಊಟದ ಕೋಣೆಯಲ್ಲಿ ರೇಡಿಯೋ ಬಿದ್ದ. ಬಾಯಿಗೆ ಬಿಡುವೇ ಕೊಡದ ಮುದುಕನಿಗೆ ಆ ಮನೆಯವರಿಟ್ಟ ಹೆಸರು ಅದು. ಈಗ ಅವನ ಸದ್ದೇ ಇಲ್ಲ. ವಾರ್ಡನ್ ಬಗ್ಗಿ ಅವನ ಕಂಕುಳಿಗೆ ಕೈಹಾಕಿದ.

ಎಳೆಯಲಿ, ಅಧಿಕಾರಿಣಿ ನೋಡಲಿ ಅಂದಿತು ಅಕ್ಕನ ಮನಸ್ಸು. ಅಷ್ಟರಲ್ಲಿ ರೇಡಿಯೋನ ಕಣ್ಣು ಅವಳ ಮೇಲೆ ನೆಟ್ಟಿತು. ಅವಳು ನುಗ್ಗಿ ವಾರ್ಡನ್‌ನ ಕೈ ತಳ್ಳಿದಳು.

"ಎತ್ತಬೇಡಿ!"

"ಎಷ್ಟು ಧೈರ್ಯ ನಿಂಗೆ?"

"ಮುಟ್ಟಿದ್ರೆ ಕೈ ಮುರೀತೀನಿ!"

ಮೊಣಕಾಲೂರಿ ಕೂತು ಮುದುಕನ ಉಸಿರು ನೋಡಿದಳು. "ತಾತಾ, ಅಲ್ಲಾಡಬೇಡ. ತಲೆಗೆ ಪೆಟ್ಟಾಯ್ತಾ? ಎಲ್ಲಿ ನೋವು?"

"ಸೊಂಟ... ನೀರು ಕೊಡೇ."

"ಈಗ ಬೇಡ. ಡಾಕ್ಟ್ರು ನೋಡ್ಲಿ."

ಅವನ ಒಂದು ಕಾಲು ಗಿಡ್ಡಗಾಗಿ ಹೊರಕ್ಕೆ ತಿರುಗಿತ್ತು. ಆಂಬುಲೆನ್ಸ್‌ಗೆ ಫೋನ್ ಮಾಡಿಸಿದಳು. ಮಲಗಿದಲ್ಲೇ ಕಂಬಳಿ ಹೊದಿಸಿ, ಕೈ ಹಿಡಿದು ಮಾತಾಡಿಸುತ್ತ ಕೂತಳು.

ಆಂಬುಲೆನ್ಸ್ ಹೋದಮೇಲೆ ಅಧಿಕಾರಿಣಿ ಕೇಳಿದರು: "ಸರಿಯಾಗೇ ಮಾಡಿದಿರಿ. ಆದರೆ ಅವರ ಮೇಲೆ ಅಷ್ಟು ಸಿಟ್ಟು ಯಾಕಮ್ಮ?"

ಅಕ್ಕ ಎಲ್ಲವನ್ನೂ ಹೇಳಿದಳು. "ಸುಳ್ಳು!" ಅಂತ ವಾರ್ಡನ್ ಕೂಗಿದ. ಅಡುಗೆಯವಳು ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು. "ನಾನು ನೋಡಿದೀನಿ, ಮೇಡಂ. ಎಲ್ಲಿ ಬೇಕಾದ್ರೂ ಹೇಳ್ತೀನಿ."

ತಿಂಗಳೊಳಗೆ ವಾರ್ಡನ್‌ನ ಕೆಲಸ ಹೋಯಿತು. ಪೆಟ್ಟಿಗೆ ಹಿಡಿದು ಹೊರಟವನು ಗೇಟಿನ ಬಳಿ ನಿಂತು, "ನನ್ನ ಹೊಟ್ಟೆ ಮೇಲೆ ಹೊಡೆದೆಯಲ್ಲ" ಅಂದ.

"ನನ್ನ ತಮ್ಮ ಮೂರು ದಿನ ನರಳಿದ. ನೀವು ಮೂರು ನಿಮಿಷ ನರಳಿ, ನಿಂತು ನೋಡ್ತೀನಿ."

ಅವನು ತಲೆ ತಗ್ಗಿಸಿ ಹೋದ. ಅವಳ ಸಿಟ್ಟು ಇಳಿಯಲಿಲ್ಲ. ಮರುದಿನ ಬೆಳಗ್ಗೆ ಅಡುಗೆಯವಳನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋಗಿ, ತಮ್ಮನ ಸಾವಿನ ದೂರು ಬರೆಸಿದಳು.