ಆರ್ಡೆತ್ ಜೂಕ್ಸಳ ಗಿಡ್ಡ ಜಾಕು

ನಮ್ಮ ಫೆರನ್ ಊರಿನಲ್ಲಿ ಜಾಕ್ ಎಂಬ ಹೆಸರಿನ ಗಂಡಸರು ಇಬ್ಬರೋ ಮೂವರೋ ಇದ್ದಾರು; ಗಾಡಿ ಎತ್ತಲೆಂದು ಬಂಪರಿಗೆ ಬಿಗಿದ ಜಾಕುಗಳಿಗೆ ಮಾತ್ರ ಲೆಕ್ಕವಿಲ್ಲ. ಪಿಕಪ್ ಟ್ರಕ್ಕು ಕೊಂಡವನು ಮೊದಲು ಅದರ ಸ್ಪ್ರಿಂಗು ಬದಲಿಸಿ, ಎಮ್ಮೆ ಗಾತ್ರದ ಟೈರು ಹಾಕಿ, ಹೆಂಡತಿ ಏಣಿಯಿಲ್ಲದೆ ಹತ್ತಲಾರದಷ್ಟು ಎತ್ತರಿಸುತ್ತಾನೆ. ಆಮೇಲೆ ಎದೆಮಟ್ಟದ ಕೆಂಪು ಜಾಕೊಂದನ್ನು ಮುಂದಿನ ಬಂಪರಿಗೆ ಅಡ್ಡಲಾಗಿ ಕಟ್ಟುತ್ತಾನೆ. ಉದ್ದನೆಯ ಕಬ್ಬಿಣದ ಪಟ್ಟಿ, ಅದರ ತುಂಬ ತೂತು, ಪಕ್ಕಕ್ಕೊಂದು ಹಿಡಿ. ಹಿಡಿ ಒತ್ತಿದರೆ ಟ್ರಕ್ಕು ಕಟಕಟನೆ ಒಂದೊಂದೇ ತೂತು ಮೇಲೇರಬೇಕು. ಮದುಮಗನ ಸೊಂಟದ ಕತ್ತಿಯ ಹಾಗೆ ಅದು ಇರುವುದು ತೋರಿಸಲು, ಬೀಸಲು ಅಲ್ಲ. ಮಳೆ, ಹಿಮ, ಕೆಂಪು ಕೆಸರು ಎಲ್ಲವನ್ನೂ ಕುಡಿದು ಅಲ್ಲೇ ಮಲಗಿರುತ್ತದೆ.

ಈ ವಸಂತದಲ್ಲಿ ಆರ್ಡೆತ್ ಜೂಕ್ಸಳ ಬಂಪರ್ ಒಂದೇ ಬೋಳಾಗಿತ್ತು.

ನಮ್ಮ ಚರ್ಚಿನಲ್ಲಿ ಹೆಂಗಸರೆಲ್ಲ ಸಿಸ್ಟರೇ; ಅವಳು ಸಿಸ್ಟರ್ ಜೂಕ್ಸ್. ಸಿಸ್ಟರ್ ಎಂದು ಕೇಳಿದರೆ ಬೆತ್ತಕ್ಕಂಜಿ ಅಂಗೈ ತಾನಾಗಿ ಬೆನ್ನ ಹಿಂದೆ ಅಡಗುವ ನನ್ನಂಥ ಕಾನ್ವೆಂಟ್ ಪ್ರಾಣಿಯ ಕಣ್ಣಿಗೆ ಆ ಹೆಸರು ಅವಳಿಗೆ ಸರಿಯಾಗಿಯೇ ಒಪ್ಪುತ್ತದೆ. ಆಳು ಗಿಡ್ಡ, ದನಿ ಉದ್ದ. ಕಲ್ಲಿದ್ದಲ ಗಣಿಯಲ್ಲಿ ಚಾವಣಿಗೆ ಬೋಲ್ಟು ಬಿಗಿಯುವ ಕೆಲಸ ಮಾಡಿ ನಿವೃತ್ತಳಾದವಳು. ಹೆಂಗಸು ಗಣಿಗಿಳಿದರೆ ಅಪಶಕುನ ಎಂದು ಗಂಡಸರು ಅಡ್ಡ ನಿಂತಾಗ, "ಅಪಶಕುನ ನಿಮಗೆ, ಸಂಬಳ ನನಗೆ. ಪಕ್ಕಕ್ಕೆ ಸರೀರಿ," ಎಂದು ಇಳಿದಿದ್ದಳಂತೆ. ಗಣಿ ಬಿಟ್ಟರೂ ಗಣಿಯ ಅಭ್ಯಾಸ ಬಿಡಲಿಲ್ಲ. ತಲೆ ಮೇಲೆ ಭಾರವಾದದ್ದು ಏನಿದ್ದರೂ ಮೊದಲು ಕಬ್ಬಿಣದ ಸಲಾಕೆಯಿಂದ ತಟ್ಟಿ, ಗಟ್ಟಿಯೋ ಸಡಿಲವೋ ಎಂದು ಕಿವಿಗೊಟ್ಟು ಕೇಳುತ್ತಾಳೆ.

ಈಸ್ಟರಿನ ಹಿಂದಿನ ಶನಿವಾರ ಊರಿಗೆ ಊರೇ ಟ್ರಕ್ಕುಗಳಲ್ಲಿ ಸಾಲುಗಟ್ಟಿ ಊರಾಚೆಯ ಬಂಡೆಗಳ ಬಯಲಿಗೆ ಹೋಗಿ ಬಿಡಾರ ಹೂಡುವುದು ನಮ್ಮ ಪದ್ಧತಿ. ಸಾಲಿನ ತಲೆಯಲ್ಲಿ ಹೋಗುವವರೇ ಜಾಗ ಆರಿಸುವವರು. ಎಲ್ಲಕ್ಕಿಂತ ದೊಡ್ಡ ಲಾಭ, ಅವರೊಬ್ಬರೇ ಧೂಳು ತಿನ್ನದವರು. ನನಗೆ ನೆನಪಿರುವಷ್ಟು ಕಾಲದಿಂದ ಆ ಮೊದಲ ಸ್ಥಾನ ಆರ್ಡೆತ್‌ಳದು. ಅದನ್ನೇ ಈ ಸಲ ಅವಳ ತಂಗಿ ಗಂಡ ಡೊರೆಲ್ ಟಟ್ಲ್ ಕಿತ್ತುಕೊಳ್ಳಲು ಹೊರಟಿದ್ದ.

ಕಾರಣ ಕಳೆದ ಜಿಂಕೆ ಬೇಟೆ. ಕಾಡಿನಲ್ಲಿ ಡೊರೆಲ್‌ನ ಟೈರು ಗಾಳಿ ಹೋಗಿ ಕೂತಿತು. ಟೈರು ಬದಲಿಸಿ ಟ್ರಕ್ಕು ಇಳಿಸುವಾಗ, ಅವನು ಉದ್ದ ಜಾಕಿನ ಹಿಡಿಯನ್ನು ಅರ್ಧಕ್ಕೇ ಬಿಟ್ಟು ಮೂಗು ಒರೆಸಿಕೊಂಡ. ಹಿಡಿ ಸಿಡಿದು, ಪಕ್ಕದಲ್ಲಿದ್ದ ಆರ್ಡೆತ್‌ಳ ದವಡೆ ಮುರಿಯಿತು. ಡಾಕ್ಟರು ತಂತಿ ಹಾಕಿ ಬಾಯಿ ಮುಚ್ಚಿಸಿದರು. ಅದಕ್ಕೆ ಮೊದಲು ಯಾರಿಂದಲೂ ಆಗಿರಲಿಲ್ಲ. ಕ್ರಿಸ್‌ಮಸ್ ತನಕ ಸ್ಟ್ರಾದಲ್ಲಿ ಸೂಪು. ಏಟು ಬಿದ್ದದ್ದು ಅವಳಿಗೆ, ಬುದ್ಧಿ ಬಂದದ್ದು ಡೊರೆಲ್‌ಗೆ: "ಅಕ್ಕನಿಗೆ ವಯಸ್ಸಾಯ್ತು. ಇನ್ಮೇಲೆ ಪಕ್ಕದ ಸೀಟಲ್ಲಿ ಕೂತ್ಕೊಂಡು ಬರ್ಲಿ."

ತಂತಿ ಬಿಚ್ಚಿದ ವಾರವೇ ಆರ್ಡೆತ್ ನನ್ನನ್ನೂ ಎಳೆದುಕೊಂಡು ಅಂಗಡಿಗೆ ಹೋದಳು.

"ಎತ್ತರದ ಟ್ರಕ್ಕಿಗೆ ಎತ್ತರದ ಜಾಕೇ ಬೇಕಮ್ಮ," ಎಂದ ಅಂಗಡಿಯವನು.

"ಎತ್ತರ ಆಗಿರೋದು ಮೈ ಕಣಪ್ಪ, ಅಚ್ಚಲ್ಲ. ಚಕ್ರ ಕೂತಿರೋದು ಅಚ್ಚಿಗೆ. ಟೈರು ಕೂತಾಗ್ಲೂ ಅದರ ಕೆಳಗೆ ತೂರಬೇಕು, ಹೊಸ ಟೈರು ಹಾಕೋವಷ್ಟು ಏರಬೇಕು, ಟ್ರಕ್ಕಿನ ಭಾರಕ್ಕಿಂತ ಜಾಸ್ತಿ ಹೊರಬೇಕು. ಅಂಥದ್ದು ಕೊಡು. ಬಣ್ಣ ಯಾವುದಾದ್ರೂ ಆಗ್ಲಿ."

ಅವನು ಕೊಟ್ಟದ್ದು ಬಾಟಲಿ ಆಕಾರದ ಗಿಡ್ಡನೆಯ ಜಾಕು. ಮನೆಯಲ್ಲಿ ಅವಳು ಗಣಿಯ ಚಾವಣಿಗೆ ಆನಿಸುವ ಹಳೆಯ ಗಣಿಮರದ ದಿಮ್ಮಿ ಕೊಯ್ದು ಜಾಕಿನ ಅಡಿಗಿಡಲು ಅಗಲವಾದ ತುಂಡುಗಳನ್ನು ಮಾಡಿಕೊಂಡಳು.

ಶನಿವಾರ ಬೆಳಿಗ್ಗೆ ಚರ್ಚಿನ ಎದುರು ಟ್ರಕ್ಕುಗಳು ಸೇರಿದಾಗ ಡೊರೆಲ್ ಬೋಳು ಬಂಪರಿನ ಮುಂದೆ ಬಂದು ನಿಂತ.

"ಮುಂದೆ ಹೋಗೋರು ತಮ್ಮ ಚಕ್ರ ತಾವೇ ಬಿಚ್ಚಬೇಕಕ್ಕ. ನಿನ್ನ ಹತ್ರ ಜಾಕೇ ಇಲ್ವಲ್ಲ."

ಆರ್ಡೆತ್ ಸೀಟಿನ ಹಿಂದಿನಿಂದ ತನ್ನದನ್ನು ತೆಗೆದಳು.

"ಇದೇನು, ಸೂಪಿನ ಫ್ಲಾಸ್ಕಾ? ಸ್ಟ್ರಾ ಎಲ್ಲಿ?" ಎಂದ ಡೊರೆಲ್. ಎಲ್ಲರೂ ನಕ್ಕರು. ನಾನೂ ನಕ್ಕೆ, ಚೆನ್ನಾಗಿತ್ತು.

"ನಕ್ಕಿದ್ದು ಆಯ್ತಾ? ನೀನೊಂದು ಹಿಂದಿನ ಚಕ್ರ ಬಿಚ್ಚು, ನಾನೊಂದು ಬಿಚ್ತೀನಿ. ಯಾರ ಚಕ್ರ ಮೊದ್ಲು ನೆಲ ಬಿಡುತ್ತೋ ಅವರು ಮುಂದೆ."

ಬೇಟೆಯಿಂದ ಬಂದ ಮೇಲೆ ಟ್ರಕ್ಕನ್ನು ಇನ್ನಷ್ಟು ಎತ್ತರಿಸಿದ್ದ ಡೊರೆಲ್ ಹಿಂದಿನ ಬಂಪರಿಗೆ ಜಾಕು ಸಿಕ್ಕಿಸಿ ಒತ್ತತೊಡಗಿದ. ಕಟಕಟ. ಟ್ರಕ್ಕಿನ ಮೈ ಏರಿತು, ಇನ್ನೂ ಏರಿತು, ಬಾಲವೆತ್ತಿದ ಬಾತುಕೋಳಿಯಂತಾಯಿತು. ಸ್ಪ್ರಿಂಗುಗಳು ಮೈಮುರಿದು ಉದ್ದಕ್ಕೆ ಚಾಚಿಕೊಂಡವು. ಚಕ್ರ ಮಾತ್ರ ನೆಲ ಕಚ್ಚಿಕೊಂಡೇ ಇತ್ತು.

ಅತ್ತ ಆರ್ಡೆತ್ ಮುಂದಿನ ಚಕ್ರಗಳಿಗೆ ಉರುಳದಂತೆ ಅಡೆ ಕೊಟ್ಟಳು. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲಿಸಿದಳು. ಅಚ್ಚಿನ ಕೆಳಗೆ ಅಗಲದ ಮರ, ಅದರ ಮೇಲೆ ಜಾಕು. ಕೆಲವೇ ಒತ್ತು; ಟೈರಿನಡಿ ಬೆಳಕು ಕಂಡಿತು. ಪಕ್ಕದಲ್ಲಿ ಗಣಿಮರ ಪೇರಿಸಿ, ಭಾರವನ್ನು ಅದಕ್ಕೆ ಕೂರಿಸಿ, ಸಲಾಕೆಯಿಂದ ತಟ್ಟಿ ಕೇಳಿದಳು. ಆಮೇಲೆ ಚಕ್ರ ಬಿಚ್ಚಿದಳು.

ಅಷ್ಟರಲ್ಲಿ ಡೊರೆಲ್‌ನ ಜಾಕು ತುದಿ ಮುಟ್ಟಿ ಓರೆಯಾಗಿತ್ತು. ಇಳಿಸೋಣವೆಂದರೆ ಬೇಟೆಯ ಕಾಲದ ಕೆಸರು ಒಳಗೆ ಇಟ್ಟಿಗೆಯಾಗಿದೆ. ಅವನು ಹಿಡಿಯ ಮೇಲೇ ಬಗ್ಗಿ ಇಣುಕಿದ.

"ತಲೆ ತೆಗಿ!" ಆರ್ಡೆತ್‌ಳ ಕೂಗಿಗೆ ಎಲ್ಲರೂ ಹಿಂದೆ ಸರಿದೆವು. "ಹಿಡಿನ ಪಟ್ಟಿಗೆ ಒತ್ತಿ ಹಿಡ್ಕೊ, ಎರಡೂ ಕೈಲಿ. ಈ ಸಲ ಮೂಗು ಸೋರಿದ್ರೆ ಸೋರ್ಲಿ!"

ಪಕ್ಕಕ್ಕೆ ನಿಂತು ಎಣ್ಣೆ ಹೊಯ್ದಳು. ಸಲಾಕೆಯ ತುದಿಯಿಂದ ಜಾಕನ್ನು ಇಳಿಸುವ ಕೊಂಡಿ ತಿರುಗಿಸಿದಳು. ಡೊರೆಲ್ ಒಂದೊಂದೇ ತೂತು ಇಳಿಸಿದ. ಮೂಗು ಸೋರುತ್ತಲೇ ಇತ್ತು.

ಟ್ರಕ್ಕು ಇಳಿಯಿತು, ಅವನು ಇಳಿಯಲಿಲ್ಲ. "ಪದ್ಧತಿ ಅಂದ್ರೆ ಪದ್ಧತಿ. ಊರ ಜಾಕು ಅಂದ್ರೆ ಉದ್ದ ಜಾಕು. ಓಟಿಗೆ ಹಾಕೋಣ!"

"ಹಾಕ್ಕೊಳ್ಳಿ," ಎಂದಳು ಆರ್ಡೆತ್, ಚಕ್ರ ಮತ್ತೆ ಕೂರಿಸಿ ನಟ್ಟುಗಳನ್ನು ಎದುರುಬದುರಾಗಿ ಬಿಗಿಯುತ್ತ. ಟ್ರಕ್ಕು ಇಳಿಸಿ ಮತ್ತೊಮ್ಮೆ ಬಿಗಿದಳು, ಮರ ಒಳಗಿಟ್ಟಳು, ಎಂಜಿನ್ ಶುರುಮಾಡಿದಳು.

"ಅಕ್ಕ, ತೀರ್ಮಾನ ಆಗಿಲ್ಲ ಇನ್ನೂ!"

"ಆದ್ಮೇಲೆ ಬಾ. ದಾರಿ ಎಲ್ಲೂ ಹೋಗಲ್ಲ, ನಾನು ಹೋಗ್ತೀನಿ."

ಆಗ ಡೊರೆಲ್‌ನ ಹೆಂಡತಿ ಲಿಯೋರಾ, ಇಡೀ ಸಾಲಿಗೆ ಆಗುವಷ್ಟು ಆಲೂಗಡ್ಡೆ ಬೇಯಿಸುವ ಎರಕದ ಕಬ್ಬಿಣದ ಪಾತ್ರೆಯನ್ನು ಗಂಡನ ಟ್ರಕ್ಕಿನಿಂದ ಇಳಿಸಿ, ಅಕ್ಕನ ಟ್ರಕ್ಕಿಗೇರಿಸಿ, ತಾನೂ ಹತ್ತಿ ಬಾಗಿಲು ಹಾಕಿಕೊಂಡಳು. ಆಲೂಗಡ್ಡೆ ಹೊರಟ ಮೇಲೆ ಓಟಿಗೆ ಕೈ ಎತ್ತುವವರು ಯಾರು? ಎಲ್ಲರ ಕೈಯೂ ಸ್ಟೇರಿಂಗಿನ ಮೇಲಿತ್ತು.

ಜಾಕನ್ನು ಮತ್ತೆ ಬಂಪರಿಗೆ ಬಿಗಿದು ಬರುವಷ್ಟರಲ್ಲಿ ಡೊರೆಲ್ ಸಾಲಿನ ಬಾಲದಲ್ಲಿದ್ದ. ಬಿಡಾರ ತಲುಪಿದಾಗ ರೆಪ್ಪೆಯವರೆಗೂ ಕೆಂಪಾಗಿದ್ದ. ಪಾತ್ರೆಯ ಮುಚ್ಚಳದ ಮೇಲೆ ಕೆಂಡ ಹರಡುತ್ತಿದ್ದ ಆರ್ಡೆತ್ ಅವನನ್ನು ನೋಡಿ ತಟ್ಟೆಯೊಂದನ್ನು ಪಕ್ಕಕ್ಕಿಟ್ಟಳು.

"ಮುಂದಿನ ವರ್ಷ ಓಟು ಹಾಕೇ ಹಾಕ್ತೀವಿ ಅಕ್ಕ," ಎಂದ.

"ಮೊದ್ಲು ಬಾಯಿ ತೊಳ್ಕೊಂಡು ಬಾ. ಧೂಳು ತಿಂದ್ಮೇಲೆ ಊಟ ಸೇರಲ್ಲ."