ಬೆಳಗಾವಿಗೊಂದು ವಿಳಾಸ, ಖಾನಾಪುರಕ್ಕೊಂದು

2023ರಲ್ಲಿ ನಾನು ಬೆಳಗಾವಿಯ ಒಂದು ಸಣ್ಣ ಸಂಸ್ಥೆಯಲ್ಲಿ ನೆಟ್‌ವರ್ಕ್ ಇಂಜಿನಿಯರ್ ಆಗಿದ್ದೆ. ಹುದ್ದೆಯ ಹೆಸರು ಕೇಳಿ ಗಾಬರಿಯಾಗಬೇಡಿ; ಪ್ರಿಂಟರ್‌ನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವುದೂ ಅದರಲ್ಲೇ ಸೇರಿತ್ತು. ಎಲ್ಲರ ಧ್ವನಿ ಅನುಕರಿಸುವ ಚಟವಿದ್ದುದರಿಂದ ಯಾವ ಗ್ರಾಹಕರೂ ನನ್ನನ್ನು ಎರಡನೇ ಚಹಾಕ್ಕೆ ಕರೆಯುತ್ತಿರಲಿಲ್ಲ.

ಆ ಗ್ರಾಹಕರಲ್ಲೊಂದು ಹಂಚಿನ ಕಂಪನಿ. ಕಚೇರಿ ಬೆಳಗಾವಿಯಲ್ಲಿ, ಕಾರ್ಖಾನೆ ಖಾನಾಪುರದಲ್ಲಿ. ಮಾಲೀಕ ಅಪ್ಪಾಸಾಹೇಬರು ನಮಸ್ಕಾರವನ್ನೂ ಬೈಗುಳದಂತೆ ಹೇಳಬಲ್ಲವರು. ಒಂದು ಬೆಳಿಗ್ಗೆ ಕರೆಸಿ, ಲಾರಿಗಳ ಲೆಕ್ಕ ಬರೆದಿಡುವ ಕಂಪನಿಯ ವೆಬ್‌ಸೈಟ್ ತೋರಿಸಿದರು. ಅಮಾವಾಸ್ಯೆಯಿಂದೀಚೆಗೆ ಖಾನಾಪುರ ಬಿಟ್ಟ ಒಂದು ಲಾರಿಯ ಎಂಟ್ರಿಯೂ ಅದರಲ್ಲಿರಲಿಲ್ಲ.

"ಸ್ಟೋರ್ ನೋಡೂ ಸುನಂದಾ ಎಲ್ಲಾ ಎಂಟ್ರಿ ಮಾಡೇನಿ ಅಂತಾಳ. ಸುಳ್ಳಿ! ಕಾರ್ಖಾನ್ಯಾಗ ಎಲ್ಲಾರ ಮುಂದ ಅಂದ ಬಂದೇನಿ. ನೀ ಹೋಗಿ ಆಕಿ ಕಂಪ್ಯೂಟರ್ ತಗೊಂಡ ಬಾ. ನಾಳಿಂದ ಆಕಿ ಬರೂದು ಬ್ಯಾಡ."

ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವ ಅಳಿಯ ಮಹೇಶ ತುಪ್ಪ ಸುರಿದ: "ಇಲ್ಲೆ ಎಲ್ಲಾ ಬರೋಬ್ಬರಿ ಐತ್ರಿ ಮಾವಾರ. ಆಕಿದ ಕಿತಾಪತಿ."

ಖಾನಾಪುರದಲ್ಲಿ ಸುನಂದಾಬಾಯಿ ನನಗೆ ಕುರ್ಚಿಯನ್ನೂ ತೋರಿಸಲಿಲ್ಲ. ನಗಿಸೋಣವೆಂದು ಮಾಲೀಕರ ಧ್ವನಿ ತೆಗೆದೆ.

"ಆ ಧ್ವನಿ ಒಮ್ಮಿ ಕೇಳೇನಿ, ಸಾಕು. ನಕ್ಕರ ನೌಕರಿ ಉಳಿತೈತೇನು? ಒಯ್ಯಾಕ ಬಂದೀಯಲ್ಲ, ಒಯ್ಯಿ."

ನನ್ನ ಪ್ರತಿಭೆ ಅಲ್ಲಿಗೆ ಮುಗಿಯಿತು. ಆದರೆ ಅವರ ಪರದೆಯಲ್ಲಿ ಪ್ರತಿಯೊಂದು ಲಾರಿಯೂ ಇತ್ತು! ಅದೇ ವೆಬ್‌ಸೈಟ್, ಅಲ್ಲಿ ಖಾಲಿ, ಇಲ್ಲಿ ಭರ್ತಿ.

ಲ್ಯಾಪ್‌ಟಾಪ್‌ನ ಕಪ್ಪು ಕಿಟಕಿ ತೆರೆದು 'ಡಿಗ್' ಎಂಬ ಕಮಾಂಡ್ ಕೊಟ್ಟೆ. ಒಂದು ಡೊಮೇನ್ ಹೆಸರು ಯಾವ ಸರ್ವರ್‌ನ ವಿಳಾಸ ತೋರಿಸುತ್ತದೆ ಎಂಬ ದಾಖಲೆಯನ್ನು ಅದು ಹೆಕ್ಕಿ ಕೊಡುತ್ತದೆ. ಬಂದದ್ದು 21ಕ್ಕೆ ಮುಗಿಯುವ ವಿಳಾಸ. ಕಂಪ್ಯೂಟರ್ ಮುಟ್ಟದೆ ಬೆಳಗಾವಿಗೆ ಮರಳಿ, ಕಚೇರಿಯಲ್ಲಿ ಕುಳಿತು ಅದೇ ಪ್ರಶ್ನೆ ಕೇಳಿದೆ. ಉತ್ತರ 84! ಕೊನೆಗೆ ಆ ಡೊಮೇನ್‌ನ ಮೂಲ ದಾಖಲೆ ಇಟ್ಟುಕೊಂಡಿರುವ ಅಧಿಕೃತ ನೇಮ್ ಸರ್ವರನ್ನೇ ನೇರವಾಗಿ ಕೇಳಿದೆ. ಅದು 21 ಎಂದಿತು. ಊರೆಲ್ಲ ಒಂದು ಸರ್ವರ್ ನೋಡುತ್ತಿತ್ತು. ಈ ಕಚೇರಿಯೊಂದೇ ಬೇರೆಯದನ್ನು ನೋಡುತ್ತಿತ್ತು.

ಎಲ್ಲರೂ ಮಹೇಶನ ಕಡೆ ತಿರುಗಿದರು.

"ಅಮಾಸಿ ಪೂಜಿಗೆ ಹೊಸ ಸರ್ವರ್ ಚಾಲೂ ಮಾಡೂದಿತ್ತಲ್ರಿ. ಕಾಯಿ ಒಡದ್ರು, ನೀವು ಬಟನ್ ಒತ್ತಾಕ ನಿಂತ್ರಿ. ಊರೆಲ್ಲಾ ನೋಡೂ ಹೊರಗಿನ ರೆಕಾರ್ಡ್ ಬದಲಿಸೂ ಪಾಸ್‌ವರ್ಡ್ ಸಿಗಲಿಲ್ಲ. ಮುಹೂರ್ತ ಮೀರತಿತ್ತು... ನಮ್ಮ ಆಫೀಸಿನ ಒಳಗಿನ ನೇಮ್ ಸರ್ವರ್‌ಗಷ್ಟ ಹೊಸಾ ವಿಳಾಸ ಹಾಕಿದೆ."

"ಆಮ್ಯಾಲ?" ಎಂದರು ಮಾಲೀಕರು.

"ಪ್ರಸಾದ ಹಂಚಿದ್ವಿ. ಮರತೆ."

ಅಂದಿನಿಂದ ಸುನಂದಾಬಾಯಿಯ ಎಂಟ್ರಿಗಳೆಲ್ಲ ಹಳೆಯ ಸರ್ವರ್‌ಗೇ ಹೋಗುತ್ತಿದ್ದವು; ಕಚೇರಿ ಹೊಸದನ್ನು ನೋಡುತ್ತಿತ್ತು.

ಅಪ್ಪಾಸಾಹೇಬರು ಅಳಿಯನನ್ನು ನೋಡಿದ ನೋಟಕ್ಕೆ ಹಂಚು ಭಟ್ಟಿಯಿಲ್ಲದೇ ಬೇಯಬಹುದಿತ್ತು. ಸುನಂದಾಬಾಯಿಗೆ ಫೋನ್ ಹಚ್ಚಿಸಿದರು. "ನಾಳಿ ಕೆಲಸಕ್ಕ ಬಾ."

"ಸುಳ್ಳಿಗೆ ಯಾಕ್ರಿ ಕೆಲಸ? ಎಲ್ಲಾರ ಮುಂದ ಅಂದೀರಿ, ಎಲ್ಲಾರ ಮುಂದ ತಿರುಗಿ ತಗೋರಿ." ಫೋನ್ ಕಟ್ಟಾಯಿತು.

ಮರುದಿನ ನಾನು ಪಾಸ್‌ವರ್ಡ್ ಹುಡುಕಿಸಿ ಹೊರಗಿನ ರೆಕಾರ್ಡ್ ಸರಿಪಡಿಸಿ, ಹಳೆಯ ಸರ್ವರ್‌ನ ಎಂಟ್ರಿಗಳನ್ನು ಹೊಸದಕ್ಕೆ ಸೇರಿಸಲು ಖಾನಾಪುರಕ್ಕೆ ಹೋದಾಗ ಮಾಲೀಕರೂ ಬಂದರು. ಕೆಲಸಗಾರರ ಎದುರು, ಹಂಚಿನ ರಾಶಿ ನೋಡುತ್ತಾ ಗೊಣಗಿದರು: "ಸುನಂದಾ ಸುಳ್ಳ ಹೇಳಿಲ್ಲ."

"ಭಟ್ಟಿ ಕಡೆ ನಿಂತಾವ್ರಿಗೆ ಕೇಳಿಲ್ರಿ, ಸಾಹೇಬ್ರ," ಎಂದರು ಬೀಗ ಹಾಕಿದ ಸ್ಟೋರಿನ ಮುಂದೆ ನಿಂತಿದ್ದ ಸುನಂದಾಬಾಯಿ.

ಮಾಲೀಕರು ಹಲ್ಲು ಕಚ್ಚಿ ಮತ್ತೊಮ್ಮೆ ಹೇಳಿದರು, ಜೋರಾಗಿ. ಆಮೇಲೆ ಸುನಂದಾಬಾಯಿ ಸ್ಟೋರಿನ ಬೀಗ ತೆಗೆದರು. ಥ್ಯಾಂಕ್ಸ್ ಹೇಳಲಿಲ್ಲ, ಮಾಲೀಕರಿಗೂ ನನಗೂ.

ಈಗ ಯಾರಾದರೂ "ನಮ್ಮಲ್ಲಿ ಎಲ್ಲ ಸರಿ ಇದೆ" ಎಂದು ಇನ್ನೊಬ್ಬರತ್ತ ಬೆರಳು ತೋರಿಸಿದರೆ, ಮೊದಲು ಅವರ ಕಚೇರಿಯಿಂದ ಹೊರಗೆ ಬಂದು ಡಿಗ್ ಮಾಡುತ್ತೇನೆ. ಒಳಗಿನ ಸರ್ವರ್‌ಗೆ ಮಾಲೀಕರ ಮನಸ್ಸು ಮುರಿಯುವ ಧೈರ್ಯವಿರುವುದಿಲ್ಲ.